ಬಿಚ್ಚದೆ ಉಳಿದ ಐದನೆಯ ಪುಸ್ತಕ

ಮಳೆಗಾಲ ಆಗಷ್ಟೇ ಹಿಡಿದಿತ್ತು. ಉಡುಪಿಯ ಸಮೀಪದ ಊರೊಂದರಿಂದ ತಾಯಿ ಮತ್ತು ಅಜ್ಜಿ ಆರನೆಯ ತರಗತಿಯ ಹುಡುಗನನ್ನು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕರೆತಂದರು. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಯಿಯ ಒಪ್ಪಿಗೆ ಪಡೆದು, ಹುಡುಗನನ್ನೂ ಕೇಳಿ ಇದನ್ನು ಬರೆಯುತ್ತಿದ್ದೇನೆ. ಅಜ್ಜಿ ಬಟ್ಟೆಯ ಚೀಲದಿಂದ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ನಾಲ್ಕು ಪುಸ್ತಕಗಳನ್ನು ತೆಗೆದು ಮೇಜಿನ ತುದಿಯಲ್ಲಿಟ್ಟು ಕೈ ಒರೆಸಿಕೊಂಡರು. "ಇದು ಮಾಟದ ಪುಸ್ತಕ ಮೇಡಂ. ಇದನ್ನು ಓದಿಯೇ ಮಗು ಹೀಗಾದದ್ದು."

ಹೇಗಾದದ್ದು ಎಂದರೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗ ಕಪಾಟಿನ ಕನ್ನಡಿಯ ಎದುರು ನಿಂತು ಪಿಸುಗುಟ್ಟುತ್ತಿದ್ದ. ಸಂಜೆಯ ಆಟ ಬಿಟ್ಟಿದ್ದ. ಓದಿದ ಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತಿದ್ದ. ಮಗು ಕಲ್ಪನಾಲೋಕದಲ್ಲೇ ಇರುತ್ತಾನೆಂದು ಶಾಲೆಯವರು ಡೈರಿಯಲ್ಲಿ ಬರೆದು ಕಳುಹಿಸಿದ್ದರು. ಮನೆಯವರು ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಿದಾಗ, ತೀರಿಹೋದ ಯಾರಿಗೋ ಇನ್ನೂ ತೃಪ್ತಿಯಾಗಿಲ್ಲವೆಂದು ಕಂಡುಬಂದಿತ್ತು. ಕುಟುಂಬದ ನಂಬಿಕೆಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸವಲ್ಲವಾದ್ದರಿಂದ ನಾನು ಅದರ ಬಗ್ಗೆ ಏನೂ ಹೇಳಲಿಲ್ಲ. ಶಾಲೆಯ ಟಿಪ್ಪಣಿಗಿಂತ ಆ ಪ್ರಶ್ನೆಯ ಉತ್ತರವೇ ವಿಷಯಕ್ಕೆ ಹತ್ತಿರವಿತ್ತೆಂಬುದು ಆಮೇಲೆ ತಿಳಿಯಿತು.

ಪುಸ್ತಕಗಳು ಹ್ಯಾರಿ ಪಾಟರ್ ಸರಣಿಯವು. 1997ರಿಂದ 2007ರವರೆಗೆ ಏಳು ಭಾಗಗಳಲ್ಲಿ ಬಂದ ಕಥೆ ಅದು: ಒಂದು ವರ್ಷ ತುಂಬಿದಾಗಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ದೊಡ್ಡಮ್ಮನ ಮನೆಯ ಮೆಟ್ಟಿಲಡಿಯ ಗೂಡಿನಲ್ಲಿ ಬೆಳೆದ ಹುಡುಗನಿಗೆ ಹನ್ನೊಂದು ತುಂಬುವ ಹೊತ್ತಿಗೆ ಮಾಂತ್ರಿಕ ಶಾಲೆಯಿಂದ ಪತ್ರ ಬರುತ್ತದೆ. ನಾನು ಕನ್ನಡಿಯ ಸುದ್ದಿ ಎತ್ತದೆ, ನಾಲ್ಕರಲ್ಲಿ ಯಾವುದು ಇಷ್ಟವೆಂದು ಕೇಳಿದೆ.

"ಮೂರನೆಯದ್ದು. ಅದರಲ್ಲಿ ಸಿರಿಯಸ್ ಬರ್ತಾನೆ."

ಸಿರಿಯಸ್ ಯಾರೆಂದು ಕೇಳಿದಾಗ, ಹ್ಯಾರಿಯ ಅಪ್ಪನ ಗೆಳೆಯ, ಗಾಡ್‌ಫಾದರ್ ಎಂದು ಹೇಳಿ, ನನಗೆ ಅರ್ಥವಾಗಲಿಲ್ಲವೆಂದುಕೊಂಡನೋ ಏನೋ, "ಮಾಮನ ಹಾಗೆ" ಎಂದು ಸೇರಿಸಿದ. ಮನೆತನದ ಹಕ್ಕು ಮಾಮನಿಂದ ಸೋದರಳಿಯನಿಗೆ ಸಾಗುತ್ತಿದ್ದ ಅಳಿಯಸಂತಾನದ ನೆನಪು ಇನ್ನೂ ಮಾಸದ ತುಳುನಾಡಿನಲ್ಲಿ ಆ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದನೆಯ ಪುಸ್ತಕ ಇದೆಯೇ ಎಂದೆ. "ಉಂಟು. ಓಪನ್ ಮಾಡ್ಲಿಲ್ಲ."

ಇಲ್ಲಿ ನಾನೊಂದು ತಪ್ಪು ಮಾಡಿದೆ. ಎಳೆ ಸಿಕ್ಕಿತೆಂಬ ಅವಸರದಲ್ಲಿ, ಅಳಬೇಕೆನಿಸಿದರೆ ಅಳಬಹುದು ಎಂದುಬಿಟ್ಟೆ. ಹುಡುಗ ಬಾಯಿ ಮುಚ್ಚಿಕೊಂಡ. ಮುಂದಿನ ಭೇಟಿಯೂ ಮೌನದಲ್ಲೇ ಕಳೆಯಿತು.

ಉಳಿದದ್ದನ್ನು ತಾಯಿ ಹೇಳಿದರು. ಆಕೆಯ ತಮ್ಮ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅಳಿಯನ ಪರೀಕ್ಷೆ ಮುಗಿದಾಗಲೆಲ್ಲ ಹಂಪನಕಟ್ಟೆಯಿಂದ ಒಂದು ಭಾಗ ಕೊಂಡು ತರುತ್ತಿದ್ದರು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ತಮ್ಮ ಬಸ್ಸು ನಿಲ್ಲುವ ಜಾಗವನ್ನು, ಹ್ಯಾರಿಯ ಶಾಲೆಗೆ ರೈಲು ಹೊರಡುವ ಒಂಬತ್ತೂಮುಕ್ಕಾಲನೆಯ ಪ್ಲಾಟ್‌ಫಾರ್ಮ್ ಎಂದು ಅವನಿಗೆ ತೋರಿಸಿದ್ದರು. ಕಳೆದ ದೀಪಾವಳಿಗೆ ಮುಂಚೆ ಹೃದಯಾಘಾತದಿಂದ ತೀರಿಕೊಂಡರು. ಅವರ ಚೀಲದಲ್ಲಿ ಐದನೆಯ ಪುಸ್ತಕ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಸಿಕ್ಕಿತು. ಶವ ತಂದಾಗ ಹುಡುಗನನ್ನು ನೆರೆಮನೆಗೆ ಕಳುಹಿಸಿದ್ದರು, ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಶಾಲೆಗೆ. ಅಜ್ಜಿ ಅಳುತ್ತಾರೆಂದು ಮನೆಯಲ್ಲಿ ಮಾಮನ ಹೆಸರೆತ್ತುವುದು ನಿಂತಿತು, ಫೋಟೋ ಕಪಾಟು ಸೇರಿತು. ಅದೇ ಕನ್ನಡಿಯ ಬಾಗಿಲಿನ ಕಪಾಟು.

ಮೊದಲ ಪುಸ್ತಕದಲ್ಲಿ ಒಂದು ಕನ್ನಡಿ ಬರುತ್ತದೆ. ಎದುರು ನಿಂತವರ ಮನಸ್ಸಿನ ಆಳದ ಬಯಕೆಯನ್ನು ಅದು ತೋರಿಸುತ್ತದೆ, ಹ್ಯಾರಿಗೆ ಅದರಲ್ಲಿ ಸತ್ತ ಅಪ್ಪ ಅಮ್ಮ ಕಾಣುತ್ತಾರೆ. ಮೂರನೆಯ ಭೇಟಿಯಲ್ಲಿ ಹುಡುಗ ತಾನಾಗಿಯೇ ಅದನ್ನು ವಿವರಿಸಿ, "ನಮ್ಮ ಕನ್ನಡೀಲಿ ಕಾಣುದಿಲ್ಲ ಅಂತ ಗೊತ್ತುಂಟು. ಆದ್ರೂ ನೋಡ್ತೇನೆ" ಎಂದ. ಗೊತ್ತುಂಟು ಎಂಬ ಆ ಒಂದು ಮಾತಿನಿಂದ ನನ್ನ ಅರ್ಧ ಚಿಂತೆ ಇಳಿಯಿತು. ಇಲ್ಲದ ದನಿ ಕೇಳುವುದು, ಸಾಯಬೇಕೆನಿಸುವುದು ಇವೆಯೇ ಎಂದು ನೇರವಾಗಿಯೇ ಕೇಳಿದೆ, ಇರಲಿಲ್ಲ. ಐದನೆಯ ಭಾಗದಲ್ಲಿ ಸಿರಿಯಸ್ ಸಾಯುತ್ತಾನೆಂದು ಸಹಪಾಠಿಯೊಬ್ಬ ಹೇಳಿಬಿಟ್ಟಿದ್ದ. ಹೊದಿಕೆ ಬಿಚ್ಚದಷ್ಟು ಕಾಲ ಒಬ್ಬನಾದರೂ ಉಳಿದಿರುತ್ತಾನೆ ಎಂಬುದು ಹುಡುಗನ ಲೆಕ್ಕ.

ಸಲಹೆ ಕೊಡುವ ಮೊದಲು ಆ ಐದನೆಯ ಭಾಗವನ್ನು ನಾನೇ ಓದಿದೆ. ಸರಣಿಯಲ್ಲಿ ಎಲ್ಲಕ್ಕಿಂತ ದಪ್ಪದ ಪುಸ್ತಕ, 38 ಅಧ್ಯಾಯಗಳು. ಮಕ್ಕಳ ಪುಸ್ತಕವೆಂದು ಹಗುರವಾಗಿ ಹಿಡಿದು ಮೂರು ರಾತ್ರಿ ನಿದ್ದೆಗೆಟ್ಟೆ. 35ನೆಯ ಅಧ್ಯಾಯದಲ್ಲಿ ಸಿರಿಯಸ್ ಒಂದು ಕಮಾನಿನ ತೆರೆಯ ಹಿಂದಕ್ಕೆ ಬಿದ್ದು ಇಲ್ಲವಾಗುತ್ತಾನೆ, ಶವವೂ ಸಿಗುವುದಿಲ್ಲ. ನನ್ನನ್ನು ಹೆದರಿಸಿದ್ದು ಕೊನೆಯ ಅಧ್ಯಾಯ. ಸಿರಿಯಸ್ ಕೊಟ್ಟಿದ್ದ, ಇಬ್ಬರೂ ಮಾತಾಡಬಹುದಾಗಿದ್ದ ಕನ್ನಡಿಯೊಂದು ಹ್ಯಾರಿಗೆ ಅಲ್ಲಿ ತಡವಾಗಿ ಸಿಗುತ್ತದೆ. ಅವನು ಹೆಸರು ಹಿಡಿದು ಕರೆಯುತ್ತಾನೆ, ಕಾಣುವುದು ತನ್ನದೇ ಮುಖ. ಈ ಹುಡುಗ ಆ ಪುಟವನ್ನು ರಾತ್ರಿ ಒಬ್ಬನೇ ಓದಕೂಡದು. ಅದೇ ಅಧ್ಯಾಯದಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಲೂನಾ ಎಂಬ ಹುಡುಗಿ ಅವನ ಜೊತೆ ಸಾವಿನ ಬಗ್ಗೆ ಅಳುಕಿಲ್ಲದೆ ಮಾತಾಡುತ್ತಾಳೆ. ಸಾವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಕಾಣುವ ಕುದುರೆಗಳೂ ಇದೇ ಪುಸ್ತಕದಲ್ಲಿ ಬರುತ್ತವೆ. ನೆರೆಮನೆಗೆ ಕಳುಹಿಸಲ್ಪಟ್ಟ ಮಗು ಅದನ್ನು ಓದಿ ಏನು ಕೇಳಬಹುದೆಂದು ತಾಯಿಯನ್ನು ಮೊದಲೇ ಸಿದ್ಧಗೊಳಿಸಬೇಕಿತ್ತು.

ಸಲಹೆ ಹೆಚ್ಚಾಗಿ ದೊಡ್ಡವರಿಗೇ ಹೋಯಿತು. ಪುಸ್ತಕಗಳನ್ನು ಇವತ್ತೇ ಅವನ ಕೈಗೆ ಮರಳಿಸಬೇಕು, ಏಕೆಂದರೆ ಅವನ್ನು ಕಸಿಯುವುದೆಂದರೆ ಮಾಮನನ್ನು ಎರಡನೆಯ ಸಲ ಕಸಿದಂತೆ. ಫೋಟೋ ಕಪಾಟಿನಿಂದ ಹೊರಬಂದು ಚಾವಡಿಯ ಗೋಡೆಗೆ ಏರಬೇಕು. ಆ ದಿನ ಏನಾಯಿತು, ಮಾಮನ ಹತ್ತಿರ ಯಾರಿದ್ದರು, ತನ್ನನ್ನೇಕೆ ಕಳುಹಿಸಿದರು ಎಂಬುದನ್ನು ತಾಯಿಯೇ ಕುಳಿತು ಹೇಳಬೇಕು. ತಿಳಿಯದ್ದನ್ನು ತಿಳಿಯದು ಎನ್ನಬಹುದು, ದೂರ ಹೋಗಿದ್ದಾರೆ ಎನ್ನಬಾರದು. ಐದನೆಯ ಪುಸ್ತಕವನ್ನು ಯಾವಾಗ ಬಿಚ್ಚಬೇಕು, ಬಿಚ್ಚಬೇಕೇ ಬೇಡವೇ ಎಂಬುದು ಅವನ ತೀರ್ಮಾನ. ಓದಿದರೆ ಹಗಲಲ್ಲಿ, ಜಗಲಿಯಲ್ಲಿ, ಪಕ್ಕದಲ್ಲಿ ಯಾರಾದರೂ ಇರುವಾಗ. 35ನೆಯ ಅಧ್ಯಾಯಕ್ಕೆ ಬಂದರೆ ಅಲ್ಲಿಗೇ ನಿಲ್ಲಿಸಿ ಮಲಗಿಸದೆ ಲೂನಾಳ ಮಾತಿನವರೆಗೂ ಓದಿಸಬೇಕು. ಊಟ ನಿದ್ದೆ ಕೆಟ್ಟರೆ, ಮಾಮನ ಬಳಿಗೆ ಹೋಗಬೇಕೆಂಬಂಥ ಮಾತು ಬಂದರೆ ನನ್ನ ಮುಂದಿನ ಭೇಟಿಗೆ ಕಾಯದೆ ಮನೋವೈದ್ಯರನ್ನು ಕಾಣಬೇಕು, ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು.

ಅಜ್ಜಿ ಮಾತ್ರ ಒಪ್ಪಲಿಲ್ಲ. ಮಾಟ ಮಾಟವೇ ಎಂದರು. ಅವರು ಗದ್ದೆ ನಾಟಿಯಲ್ಲಿ ಪಾಡ್ದನ, ಅಂದರೆ ತುಳುವಿನ ಕಥನಗೀತೆ ಹೇಳುತ್ತಿದ್ದವರೆಂದು ತಾಯಿಯಿಂದ ತಿಳಿದಿತ್ತು. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಥೆ ನೆನಪಿದೆಯೇ ಎಂದು ಕೇಳಿ ನಾನೇ ಹೇಳಲು ಹೊರಟೆ, ಎರಡನೆಯ ವಾಕ್ಯಕ್ಕೇ ತಪ್ಪಿದೆ. ಅಜ್ಜಿ ನನ್ನನ್ನು ತಿದ್ದಿ, ಅವರ ತಾಯಿ ದೇಯಿ ಬೈದೆತಿ ತೀರಿದ್ದನ್ನೂ ಸಾಯನ ಬೈದ ಸೋದರಳಿಯಂದಿರನ್ನು ಸಾಕಿದ್ದನ್ನೂ ಹೇಳಿ, ಮೊಮ್ಮಗನ ಕಡೆ ತಿರುಗಿದರು.

"ಆ ನಿನ್ನ ಹ್ಯಾರಿಯನ್ನು ಸಾಕಿದ್ದು ಯಾರು?"

"ದೊಡ್ಡಮ್ಮ. ಮೆಟ್ಟಿಲಿನ ಅಡಿಯಲ್ಲಿ ಮಲಗಿಸ್ತಿದ್ರು."

"ಮೆಟ್ಟಿಲಿನ ಅಡಿಯಲ್ಲಾ? ಅದಕ್ಕೆ ಮಾಮ ಇರಲಿಲ್ಲವಾ?"

ಅಜ್ಜಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ದಿನಕ್ಕೊಂದು ಅಧ್ಯಾಯದಂತೆ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಗೆ ತುಳುವಿನಲ್ಲಿ ಕಥೆ ಹೇಳುವುದೆಂದು ಅಲ್ಲೇ ಗೊತ್ತಾಯಿತು. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ.

ಆಟಿ ತಿಂಗಳು ಬರುವುದರಲ್ಲಿತ್ತು. ಆ ತಿಂಗಳಲ್ಲಿ ಆ ಮನೆಯಲ್ಲಿ ಗತಿಸಿದವರಿಗೆ ಅಗೆಲು, ಅಂದರೆ ಎಲೆಯಲ್ಲಿ ಎಡೆ, ಬಡಿಸುವ ಕ್ರಮವಿದೆ. ಈ ಸಲ ಮಾಮನ ಎಲೆಗೆ ಹುಡುಗನೇ ಬಡಿಸಲಿ ಎಂದೆ. ಕೋರಿ ರೊಟ್ಟಿಯ ಜೊತೆಗೆ ಹೋಟೆಲಿನಿಂದ ಗೋಳಿಬಜೆಯೂ ಬರಬೇಕೆಂದು ಅವನು ಹಟ ಹಿಡಿದನಂತೆ. ಟ್ರಿಪ್ಪಿನ ನಡುವೆ ಮಾಮ ತಿನ್ನುತ್ತಿದ್ದದ್ದು ಅದು. ಬಡಿಸಿ ಬಾಗಿಲು ಮರೆಮಾಡಿ ಎಲ್ಲರೂ ಹೊರಗೆ ನಿಂತಾಗ ಅವನು ಗಟ್ಟಿಯಾಗಿ ಅತ್ತನೆಂದು ತಾಯಿ ಫೋನಿನಲ್ಲಿ ತಿಳಿಸಿದರು, ದನಿಯಲ್ಲಿ ಗಾಬರಿಯಿತ್ತು. ಅಜ್ಜಿ ಏನು ಮಾಡಿದರೆಂದು ಕೇಳಿದೆ. ಜೊತೆಗೆ ಅತ್ತರಂತೆ.

ಅಂಕಗಳು ಇನ್ನೂ ಸುಧಾರಿಸಿಲ್ಲ. ಕನ್ನಡಿಯ ಮುಂದೆ ನಿಲ್ಲುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನಿಲ್ಲಿಸಿ ಎಂದು ನಾನು ಹೇಳಿಲ್ಲ. ನವರಾತ್ರಿಯ ರಜೆಯಲ್ಲಿ ಹೊದಿಕೆ ಬಿಚ್ಚಿ, ಕಳೆದ ಭೇಟಿಯ ಹೊತ್ತಿಗೆ ಹತ್ತನೆಯ ಅಧ್ಯಾಯಕ್ಕೆ ಬಂದಿದ್ದ. ನಾಲ್ಕನೆಯ ಪುಸ್ತಕದಲ್ಲಿ ಪುಟದ ಗುರುತಿಗೆ ಮಾಮ ಇಟ್ಟುಕೊಟ್ಟಿದ್ದ ಬಸ್ ಟಿಕೆಟನ್ನು ಅಂದು ನನಗೆ ತೋರಿಸಿದ: ಟಿಕೆಟ್ ಯಂತ್ರದ ನುಣುಪಾದ ಕಾಗದ, ಅಕ್ಷರಗಳು ಬೂದುಬಣ್ಣಕ್ಕೆ ತಿರುಗಿದ್ದವು, ಸ್ಟೇಟ್‌ಬ್ಯಾಂಕ್ ಎಂಬುದನ್ನು ಬೆಳಕಿಗೆ ಹಿಡಿದರೆ ಓದಬಹುದಿತ್ತು. ಪೂರ್ತಿ ಅಳಿಸಿಹೋಗುವ ಮೊದಲು ಇದರ ಜೆರಾಕ್ಸ್ ಮಾಡಬಹುದಾ ಎಂದು ಕೇಳಿದ. ಕೆಳಗಿನ ಅಂಗಡಿಗೆ ತಾಯಿಯೊಂದಿಗೆ ಹೋಗಿ ಎರಡು ಪ್ರತಿ ಮಾಡಿಸಿಕೊಂಡು ಬಂದ, ಒಂದನ್ನು ಐದನೆಯ ಪುಸ್ತಕದಲ್ಲಿಟ್ಟ, ಇನ್ನೊಂದನ್ನು ಅಜ್ಜಿಗೆಂದು ಮಡಚಿ ಜೇಬಿಗೆ ಹಾಕಿಕೊಂಡ.