ಪ್ಯಾಸೇಜ್ ಕಂಡರೆ ಮಗಳಿಗೆ ಗಾಬರಿ

ಪ್ರಶ್ನೆ: ಮೇಡಂ, ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಇಂಗ್ಲಿಷ್ ಪ್ರಶ್ನೋತ್ತರವೆಲ್ಲ ಬಾಯಿಪಾಠ. ಆದರೆ ಪುಸ್ತಕದಲ್ಲಿಲ್ಲದ ಪ್ಯಾಸೇಜ್ (ಓದಿ ಉತ್ತರ ಬರೆಯಬೇಕಾದ ಗದ್ಯಭಾಗ) ಕೊಟ್ಟರೆ ಗಾಬರಿಯಾಗುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಹಾನಗಲ್

ಉತ್ತರ: ಇದಕ್ಕೆ ಗೈಡ್ ಕೆಲಸಕ್ಕೆ ಬರಲ್ಲಮ್ಮ, ಬದಿಗಿಡಿಸಿ. ಮೊದಲು ಪ್ರಶ್ನೆ ಓದಲಿ, ಆಮೇಲೆ ಪ್ಯಾಸೇಜ್. ಗೊತ್ತಿಲ್ಲದ ಪದ ಬಂದರೆ ಅಲ್ಲೇ ನಿಲ್ಲದೆ ವಾಕ್ಯ ಮುಗಿಸಲಿ. ಎಷ್ಟೋ ಸಲ ಹಿಂದೆಮುಂದಿನ ಮಾತಲ್ಲೇ ಅರ್ಥ ಸಿಗುತ್ತದೆ.

ನಾನು ಕಂಡಂತೆ ಮಕ್ಕಳು ಉತ್ತರ ಹುಡುಕಿಬಿಡುತ್ತಾರೆ, ಎಡವುವುದು ಬರೆಯುವಾಗ. ‘ವೇರ್ ಡಿಡ್ ರವಿ ಗೋ?’ ಅಂದರೆ ‘ರವಿ ಡಿಡ್ ಗೋ’ ಎಂದು ಶುರು! ಅಲ್ಲಿ ‘ಡಿಡ್’ ಬಿಟ್ಟು ‘ವೆಂಟ್’ ಬರೆಯಬೇಕು. ಪ್ಯಾಸೇಜಿನಲ್ಲಿ ರವಿಯೇ ‘ಐ’ ಎಂದು ಹೇಳಿಕೊಂಡಿದ್ದರೆ ಉತ್ತರದಲ್ಲಿ ಅದು ‘ಹಿ’ ಆಗುತ್ತದೆ. ಇಡೀ ಪ್ಯಾರಾ ಇಳಿಸುವುದಂತೂ ಬೇಡವೇ ಬೇಡ. ‘ವೈ’ ಕೇಳಿದ್ದರೆ ‘ಬಿಕಾಸ್’, ‘ಸೋ’ ಇರುವ ಕಡೆ ಕಣ್ಣು ಹಾಯಿಸಲಿ.

ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆ ಸಾಕು. ನಿಮಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ‘ಇದರಲ್ಲಿ ಏನಿದೆ, ಕನ್ನಡದಲ್ಲಿ ಹೇಳು’ ಅನ್ನಿ. ತಡವರಿಸಿದ ಕಡೆ ಮತ್ತೊಮ್ಮೆ ಓದಿಸಿ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರಲ್ವಾ? ಆಗಲೇ ಪ್ಯಾಸೇಜನ್ನೂ ಒಮ್ಮೆ ಓದಿಕೊಳ್ಳಲಿ.