ರಜೆಗೆ ಮನೆ ತುಂಬಿದಾಗ ಬರೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: "ರಿಟೈರ್ ಆದ ಮೇಲೆ ಕಥೆ ಬರೆಯಲು ಶುರು ಮಾಡಿದೆ. ಬೇಸಿಗೆ ರಜೆಗೆ ಮಕ್ಕಳು, ಮೊಮ್ಮಕ್ಕಳು ಬಂದರೆ ಪೆನ್ನು ಮುಟ್ಟಲೂ ಆಗುವುದಿಲ್ಲ. ಬರೆಯುವ ಅಜ್ಜಿಯರು ಇದ್ದರೆ ಹೇಗೆ ನಿಭಾಯಿಸುತ್ತೀರಿ ಹೇಳಿ."

ನಾನು ಕೋಲಾರದವಳು. ವಯಸ್ಸು 67. ಪ್ರೈಮರಿ ಶಾಲೆ ಟೀಚರ್ ಆಗಿದ್ದೆ. ಎರಡು ಕಥಾ ಸಂಕಲನ ಬಂದಿವೆ, ಮೂರನೆಯದು ಅರ್ಧಕ್ಕೆ ನಿಂತಿದೆ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿಟ್ಟ ಕೂಡಲೇ ನಮ್ಮ ಮನೆಯಲ್ಲಿ ಒಂಬತ್ತು ಜನ.

ಮೊದಲು ನಾನೂ ಹಟ ಹಿಡಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬರೆಯುವುದು ನನ್ನ ರೂಢಿ. ರಜೆಯಲ್ಲಿ ಹಾಲ್ ತುಂಬ ಹಾಸಿಗೆ, ಲೈಟ್ ಹಾಕುವ ಹಾಗಿಲ್ಲ. ಅಡುಗೆಮನೆಗೆ ಹೋಗಿ, ದೋಸೆ ಹಿಟ್ಟಿನ ಪಾತ್ರೆ ಸರಿಸಿ ಕೂತರೆ ಹತ್ತೇ ನಿಮಿಷ. ಚಿಕ್ಕವನು ಕಣ್ಣುಜ್ಜಿಕೊಂಡು ಬಂದು, "ಅಜ್ಜಿ, ಏನ್ ತಿಂತಿದ್ದೀಯ?" ಅನ್ನುತ್ತಿದ್ದ. ಆ ಹೊತ್ತಲ್ಲಿ ಕದ್ದು ತಿನ್ನುವುದಕ್ಕಲ್ಲದೆ ಅಡುಗೆಮನೆಗೆ ಯಾರು ಹೋಗುತ್ತಾರೆ ಎನ್ನುವುದು ಅವನ ಲೆಕ್ಕ. ಒಂದು ರಜೆಯಿಡೀ ಸಿಡುಕಿಕೊಂಡೇ ಕಳೆದೆ. ಕಥೆಯೂ ಆಗಲಿಲ್ಲ, ಮಕ್ಕಳ ಜೊತೆ ಆಡಿದ್ದೂ ಇಲ್ಲ.

ನಮ್ಮ ನೆಂಟರೊಬ್ಬರು ಬುದ್ಧಿ ಹೇಳಿದರು. "ಮಾಸ್ತಿಯವರು ನಮ್ಮ ಜಿಲ್ಲೆಯವರೇ ಅಲ್ವಾ? 1943ರ ತನಕ ಸರ್ಕಾರಿ ಕೆಲಸ ಮಾಡುತ್ತಲೇ ಅಷ್ಟೊಂದು ಬರೆದರು. ನಿಮಗೇನು ಕಷ್ಟ?" ನಿಜ. ಆದರೆ ಅವರ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದವರು ಯಾರು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ, ನೆಂಟರು ನೋಡಿ.

ಆಮೇಲೆ ರಜೆಯಲ್ಲಿ ಕಥೆ ಬರೆಯುವುದನ್ನೇ ಬಿಟ್ಟೆ. ಹಾಲಿನ ಲೆಕ್ಕದ ಪುಸ್ತಕ ಮಾತ್ರ ಬರೆಯುತ್ತೇನೆ. ತಮಾಷೆಯಲ್ಲ. ಫ್ರಿಜ್ ಮೇಲೆ, ದಾರ ಕಟ್ಟಿದ ಪೆನ್ನಿನ ಜೊತೆ ಇರುತ್ತದಲ್ಲ, ಅದೇ. ತಾರೀಖು, ಎಷ್ಟು ಲೀಟರ್, ಪಕ್ಕದಲ್ಲಿ ಒಂದು ಸಾಲು. "ಮೇ 3. ಎರಡೂವರೆ. ದೊಡ್ಡವಳು ನನ್ನ ಹತ್ತಿರ ತೆಲುಗು ಬೈಗುಳ ಕಲಿತಳು." "ಮೇ 26. ಮೂರು. ರಸಪುರಿ ಬುಟ್ಟಿ ಖಾಲಿ. ಕೊನೇ ಗೊರಟೆಗೆ ಜಗಳ." ಇಷ್ಟೇ. ನಿಂತುಕೊಂಡೇ ಬರೆಯಬಹುದು, ಯಾರೂ ಏನು ಅಂತ ಕೇಳುವುದಿಲ್ಲ. ಜೂನ್‌ನಲ್ಲಿ ಮನೆ ಖಾಲಿಯಾದ ಮೇಲೆ ತೆಗೆದು ನೋಡಿದರೆ, ಒಂದು ಸಾಲಿಗೆ ಒಂದಿಡೀ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಸುತ್ತಾಟ ಹತ್ತಿರದಲ್ಲೇ. ಅಂತರಗಂಗೆ, ಕಮ್ಮಸಂದ್ರದ ಕೋಟಿಲಿಂಗ, ಶ್ರೀನಿವಾಸಪುರದ ಕಡೆ ನನ್ನ ತವರಿನ ಮಾವಿನ ತೋಟ. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರಿಗಿಂತ ಕೋತಿಗಳ ಬಗ್ಗೆಯೇ ಹುಡುಗರಿಗೆ ಮಾತು ಜಾಸ್ತಿ. ಅದೆಲ್ಲ ಇರಲಿ.

ಒಂದು ವರ್ಷ ಎಲ್ಲರನ್ನೂ ಕೆಜಿಎಫ್‌ಗೆ ಕರೆದುಕೊಂಡು ಹೋದೆ. ನಾನು ಮೊದಲು ಕೆಲಸ ಮಾಡಿದ್ದು ಅಲ್ಲೇ. ಸೈನೈಡ್ ದಿಬ್ಬ ತೋರಿಸಿದೆ. "ಇದು ಬೆಟ್ಟ ಅಲ್ಲ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ" ಅಂದರೆ ನಂಬಲಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂದಿತ್ತು ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಟೀಚರ್ ಪಾಠ! ಗಣಿ 3 ಕಿಲೋಮೀಟರಿಗಿಂತ ಆಳ ಇತ್ತು, ಅಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆ ಪಾತ್ರೆಗಳು ಗಲಗಲ ಅನ್ನುತ್ತಿದ್ದವು ಅಂದೆ. ಆಗ ದೊಡ್ಡವಳು ಕೇಳಿದಳು, "ಪಾತ್ರೆ ಅಲ್ಲಾಡಿದಾಗ, ಕೆಳಗೆ ಹೋಗಿದ್ದವರ ಮನೆಯವರು ಏನ್ ಮಾಡ್ತಿದ್ರು ಅಜ್ಜಿ?"

2001ರ ಫೆಬ್ರವರಿ 28ಕ್ಕೆ ಆ ಗಣಿ ಮುಚ್ಚಿತು. ಅವತ್ತಿನಿಂದ ಅದರ ಬಗ್ಗೆ ಬರೆಯಬೇಕು ಅಂದುಕೊಂಡೇ ಇದ್ದೆ, ಶುರು ಮಾಡಲು ತುದಿಯೇ ಸಿಕ್ಕಿರಲಿಲ್ಲ. ಆ ರಾತ್ರಿ ಹಾಲಿನ ಪುಸ್ತಕದಲ್ಲಿ ಬರೆದೆ: "ಪಾತ್ರೆ. ಕೆಳಗಿದ್ದವರ ಮನೆ." ಜುಲೈನಲ್ಲಿ ಕಥೆ ಮುಗಿಯಿತು. ಅದರಲ್ಲಿ ಒಬ್ಬಳು ಪಾತ್ರೆಗಳ ಸದ್ದು ನಿಂತ ಮೇಲೆ ಬಾಗಿಲಿಗೆ ಬಂದು, ಗಂಡ ಇವತ್ತು ಯಾವ ಶಿಫ್ಟು ಅಂತ ಬೆರಳು ಮಡಿಚಿ ಎಣಿಸುತ್ತಾಳೆ. ರಜೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರೆ ಆ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ಒಂದು ಎಡವಟ್ಟೂ ಆಗಿದೆ, ಅದನ್ನೂ ಹೇಳಿಬಿಡುತ್ತೇನೆ. ಹಾಲಿನ ಪುಸ್ತಕದಲ್ಲಿ ಒಮ್ಮೆ "ಸೊಸೆ ಫೋನ್ ನೋಡುತ್ತಾ ಅನ್ನ ಕಲಸಿದಳು, ತಿನ್ನಲಿಲ್ಲ" ಅಂತ ಬರೆದಿದ್ದೆ. ಅದನ್ನು ಹಾಗೇ ಎತ್ತಿ ಒಂದು ಕಥೆಗೆ ಹಾಕಿದೆ. ಮನೆ ಕಡೆ ಗಮನವಿಲ್ಲದ ಸೊಸೆಯ ಪಾತ್ರ. ಪತ್ರಿಕೆಯಲ್ಲಿ ಬಂತು, ನಾಲ್ಕು ಜನ ಮೆಚ್ಚಿದರು. ಮುಂದಿನ ರಜೆಗೆ ಸೊಸೆ ಬಂದಳು, ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೇ ದಿನ ಅವರೆಬೇಳೆ ಆರಿಸುತ್ತಾ ತಲೆ ಎತ್ತದೆ ಹೇಳಿದಳು: "ಅತ್ತೆ, ಅವತ್ತು ನಮ್ಮಪ್ಪನ ಬಯಾಪ್ಸಿ ರಿಪೋರ್ಟ್ ಬಂದಿತ್ತು. ನಿಮ್ಮೆಲ್ಲರ ಊಟ ಮುಗೀಲಿ ಅಂತ ಸುಮ್ನೆ ಕೂತಿದ್ದೆ."

ನನಗೆ ಬಾಯಿ ಬರಲಿಲ್ಲ. ಅದೇ ತಟ್ಟೆ ಎದುರಿಗೇ ಕೂತಿದ್ದೆನಲ್ಲ.

ಆ ಕಥೆಯನ್ನು ಸಂಕಲನಕ್ಕೆ ಸೇರಿಸಲಿಲ್ಲ. ಈಗ ಮನೆಯವರ ನೆರಳು ಬಿದ್ದಿರುವುದನ್ನು ಏನು ಬರೆದರೂ ಮೊದಲು ಅವಳಿಗೇ ಫೋನಿನಲ್ಲಿ ಓದಿ ಹೇಳುತ್ತೇನೆ. ಬೇಡ ಅಂದರೆ ಬೇಡ. ಒಂದೆರಡು ಸಲ ಅವಳೇ, "ಅತ್ತೆ, ಇಲ್ಲಿ ಅವಳು ಇಷ್ಟು ಬೇಗ ಅಳಲ್ಲ" ಅಂತ ತಿದ್ದಿದ್ದಾಳೆ. ಸರಿಯಾಗಿಯೇ ತಿದ್ದಿದ್ದಾಳೆ.

ಹಾಗಾಗಿ ಈ ಬೇಸಿಗೆಗೆ ನೀವು ಮೇಜು, ಲ್ಯಾಪ್‌ಟಾಪ್ ಏನೂ ಹೊಂದಿಸಬೇಡಿ. ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಪೆನ್ನಿಗೆ ದಾರ ಮಾತ್ರ ಮರೆಯದೆ ಕಟ್ಟಿ. ಇಲ್ಲದಿದ್ದರೆ ಮೊದಲನೇ ದಿನವೇ ಮೊಮ್ಮಕ್ಕಳು ಎತ್ತಿಕೊಂಡು ಹೋಗುತ್ತಾರೆ.