ಹಿಂದೆ ಕೂರುವವರಿಗೆ 250 ರೂಪಾಯಿ ಹೆಲ್ಮೆಟ್ ಸಾಕಾ?

ಹೆಂಡತಿಗೆ ಫುಟ್‌ಪಾತ್ ಮೇಲಿನ 250 ರೂಪಾಯಿ ಹೆಲ್ಮೆಟ್ ಸಾಕಾ, ಪೊಲೀಸರು ಬಿಡ್ತಾರಾ ಅಂತ ಕೇಳಿದ್ದೀರಿ. ಬೈಯೋ ಯೋಗ್ಯತೆ ನನಗಿಲ್ಲ. 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ ನಾನೂ ಹೋಗಿ ನಿಂತಿದ್ದು ಅಂಥ ರಾಶಿ ಮುಂದೆಯೇ. ಗುಲಾಬಿ ಬಣ್ಣದ ಅರ್ಧ ಹೆಲ್ಮೆಟ್. ಚೌಕಾಸಿ ಮಾಡಿ 200ಕ್ಕೆ ಇಳಿಸಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ, ಬಣ್ಣ ಹೊಡೆಯದ ಹಂಪ್ ಕಾಣದೆ ಗಕ್ಕನೆ ಬ್ರೇಕ್ ಹಿಡಿದೆ. ಸ್ಪೀಡು ಮೂವತ್ತೂ ಇರಲಿಲ್ಲ. ಇಬ್ಬರೂ ಬಿದ್ವಿ. ಹಿಂದೆ ಕೂತಿದ್ದ ನನ್ನಾಕೆ ಗಲ್ಲದ ಪಟ್ಟಿ ಹಾಕಿದ್ದಳು, ಆದರೆ ಪ್ಲಾಸ್ಟಿಕ್ ಲಾಕ್ ಕಿತ್ತುಬಂದು ಹೆಲ್ಮೆಟ್ ಉರುಳಿ ಚರಂಡಿ ಪಕ್ಕ ಬಿದ್ದಿತ್ತು. ಹಣೆಗೆ ನಾಲ್ಕು ಹೊಲಿಗೆಯಲ್ಲಿ ಮುಗೀತು, ಪುಣ್ಯ.

ಮನೆಗೆ ತಂದು ಅದರ ಒಳಬಟ್ಟೆ ಕಿತ್ತು ನೋಡಿದೆ. ಬೆರಳುದಪ್ಪ ಥರ್ಮೋಕೋಲ್ ಇರಬೇಕಾದ ಜಾಗದಲ್ಲಿ ಪಾತ್ರೆ ತೊಳೆಯೋ ಥರದ ಸ್ಪಂಜು! ಗಟ್ಟಿ ಚಿಪ್ಪು ಏಟನ್ನು ಹರಡುತ್ತೆ ಅಷ್ಟೆ. ತಾನು ಜಜ್ಜಿಹೋಗಿ ಏಟು ನುಂಗೋದು ಆ ಥರ್ಮೋಕೋಲು. ಒಂದ್ಸಲ ಜಜ್ಜಿದ್ದು ಮತ್ತೆ ಉಬ್ಬಲ್ಲ. ಜೋರಾಗಿ ಏಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬಿಸಾಕಿ ಅನ್ನೋದು ಇದಕ್ಕೇ.

ಪೊಲೀಸರ ವಿಷಯ: ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ದಂಡ 1000, ನಮ್ಮ ರಾಜ್ಯ 2019ರಲ್ಲಿ ಅದನ್ನು 500ಕ್ಕೆ ಇಳಿಸಿತು. ಕಾಯ್ದೆಯ 129ನೇ ಸೆಕ್ಷನ್ನು ಹೆಲ್ಮೆಟ್ ಪಟ್ಟಿಯಿಂದ ತಲೆಗೆ ಭದ್ರವಾಗಿ ಕಟ್ಟಿರಬೇಕು ಅಂತಲೂ ಹೇಳುತ್ತೆ. 2021ರ ಜೂನ್‌ನಿಂದ ಐಎಸ್‌ಐ ಮಾರ್ಕಿಲ್ಲದ್ದನ್ನು ಮಾರೋದೇ ತಪ್ಪು. ಮಾರುತ್ತಾರೆ, ಬೇರೆ ಮಾತು. ಬರೀ ಸ್ಟಿಕ್ಕರ್ ನಂಬಬೇಡಿ, ಅದೂ ರಾಶಿರಾಶಿ ಸಿಗುತ್ತೆ. ಐಎಸ್ 4151 ಅಂತ (ಹೆಲ್ಮೆಟ್‌ನ ಭಾರತೀಯ ಮಾನದಂಡದ ನಂಬರ್ ಅದು), ಜೊತೆಗೆ ಲೈಸೆನ್ಸ್ ನಂಬರ್ ಇದೆಯಾ ನೋಡಿ, ಬಿಲ್ ಕೇಳಿ.

ಅಳತೆ ಊಹಿಸಿ ತರಬೇಡಿ, ಅವರನ್ನೇ ಅಂಗಡಿಗೆ ಕರಕೊಂಡು ಹೋಗಿ. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆ ಕೆನ್ನೆಯೂ ಅಲ್ಲಾಡಬೇಕು. ಹಿಂದಿನಿಂದ ಮೇಲಕ್ಕೆತ್ತಿ ನೋಡಿ, ಕಳಚಿ ಬಂದರೆ ಬೇಡ. ಇನ್ನೊಂದು: ತುರುಬು ಕಟ್ಟಿ, ಕ್ಲಿಪ್ ಹಾಕಿಕೊಂಡು ಅಳತೆ ನೋಡಿದರೆ ಒಂದು ಸೈಜು ದೊಡ್ಡದು ಬರುತ್ತೆ. ನನ್ನಾಕೆ ಎರಡನೇ ಸಲ ಜಡೆ ಇಳಿಬಿಟ್ಟುಕೊಂಡು ಬಂದಳು, 580 ಮಿಲಿಮೀಟರ್ ತಲೆ ಸುತ್ತಳತೆಯದು ಸರಿಯಾಗಿ ಕೂತಿತು.